ಕಾರಿನ ಕಂಪನಿ ರೇಡಿಯೋ ಸತ್ತಿದೆ: ರಿಪೇರಿ ಮಾಡಿಸಲಾ, ಹೊರಗಿನ ಸೆಟ್ ಹಾಕಿಸಲಾ?

ಹೇಮಾವತಿ ದಡ
ನಮಸ್ಕಾರ. ನಮ್ಮದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಗಾಡಿ ಜೊತೆ ಬಂದ ಕಂಪನಿ ಸ್ಟೀರಿಯೋ ಸ್ವಲ್ಪ ದಿನದಿಂದ ಕಾಟ ಕೊಡುತ್ತಿತ್ತು. ಹಂಪ್ ಹಾರಿದರೆ ಆಫ್, ಮುಂದಿನ ಹಂಪ್‌ಗೆ ಆನ್. ಆಮೇಲೆ ಡಿಸ್‌ಪ್ಲೇ ಮಂಕಾಯಿತು. ಈಗ ಬಟನ್ ಒತ್ತಿದರೆ ಏನೂ ಇಲ್ಲ, ಲೈಟು ಕೂಡ ಬರುವುದಿಲ್ಲ.

ಸರ್ವೀಸ್ ಸೆಂಟರ್‌ನಲ್ಲಿ ಕೇಳಿದೆ. ರಿಪೇರಿ ಗಿಪೇರಿ ಇಲ್ಲ, ಪೂರ್ತಿ ಯೂನಿಟ್ ಬದಲಾಯಿಸಬೇಕು ಅಂದರು. ಅವರು ಹೇಳಿದ ರೇಟಿಗೆ ನಾಲ್ಕೂ ಟೈರ್ ಹೊಸದು ಬರುತ್ತದೆ. ಊರಿನ ಆಕ್ಸೆಸರಿ ಅಂಗಡಿಯವರದ್ದು ಇನ್ನೊಂದು ರಾಗ. 9 ಇಂಚಿನ ಆಂಡ್ರಾಯ್ಡ್ ಹಾಕಿಸಿ, ಕ್ಯಾಮೆರಾ ಫ್ರೀ, ಅರ್ಧ ಗಂಟೆ ಕೆಲಸ.

ನನಗೆ ಬೇಕಿರುವುದು ಬಹಳ ಕಡಿಮೆ. ಬೆಳಿಗ್ಗೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವಾಗ ಆಕಾಶವಾಣಿ ಕೇಳಬೇಕು, ಫೋನ್ ಬಂದರೆ ಬ್ಲೂಟೂತ್‌ನಲ್ಲಿ ಮಾತಾಡಬೇಕು, ಸ್ಟೀರಿಂಗ್ ಮೇಲಿನ ಬಟನ್ ಕೆಲಸ ಮಾಡಬೇಕು. ಅಷ್ಟೇ. ಯೂಟ್ಯೂಬ್ ಬೇಡ. ವೈರ್ ಕಟ್ ಮಾಡಿಸುವುದಕ್ಕೂ ಭಯ. ಏನು ಮಾಡಲಿ?

ಟಾಪ್ ಗೇರ್ ತಿಪ್ಪ
ಆಂಡ್ರಾಯ್ಡ್ ಹಾಕಿಸಿ ಸಾರ್. ಯೋಚನೆನೇ ಬೇಡ. ಕ್ಯಾಮೆರಾ ಫ್ರೀ ಬೇರೆ ಕೊಡುತ್ತಿದ್ದಾರೆ.

ಹನ್ನೆರಡು ವೋಲ್ಟ್
ಅಂಗಡಿಗೆ ಹೋಗುವ ಮುಂಚೆ ಫ್ಯೂಸ್ ನೋಡಿದಿರಾ? ಲೈಟೂ ಇಲ್ಲ, ಸೌಂಡೂ ಇಲ್ಲ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಕರೆಂಟ್ ಮೇಲೆ, ಸೆಟ್ ಮೇಲಲ್ಲ.

ಹೇಮಾವತಿ ದಡ
@ತಿಪ್ಪ ಸಾರ್ ಅಲ್ಲ, ಮೇಡಂ :)

@ಹನ್ನೆರಡು ವೋಲ್ಟ್ ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್‌ನಲ್ಲಿ ಆಡಿಯೋ ಫ್ಯೂಸ್ ತೆಗೆದು ನೋಡಿದೆವು, ಸರಿ ಇದೆ.

ಹನ್ನೆರಡು ವೋಲ್ಟ್
ಒಳ್ಳೆಯದು ಮೇಡಂ. ಆದರೆ ಅದೊಂದೇ ಅಲ್ಲ. ಎಷ್ಟೋ ಸೆಟ್‌ಗಳ ಬೆನ್ನ ಮೇಲೇ ಇನ್ನೊಂದು ಬ್ಲೇಡ್ ಫ್ಯೂಸ್ ಇರುತ್ತದೆ, 10 ಅಥವಾ 15 ಆಂಪ್‌ದು. ಅದನ್ನು ನೋಡಲು ಸೆಟ್ ಹೊರಗೆ ಎಳೆಯಲೇಬೇಕು.

ಎಳೆದಾಗ ಇನ್ನೂ ಒಂದು ಕೆಲಸ ಮಾಡಿಸಿ. ರೇಡಿಯೋಗೆ ಎರಡು ಕಡೆಯಿಂದ 12 ವೋಲ್ಟ್ ಬರುತ್ತದೆ. ಒಂದು ಬ್ಯಾಟರಿಯಿಂದ ನೇರ, ಬೀಗದ ಕೈ ತೆಗೆದರೂ ಇರುತ್ತದೆ. ಸ್ಟೇಷನ್, ಗಡಿಯಾರ ಎಲ್ಲ ನೆನಪಿಟ್ಟುಕೊಳ್ಳಲು ಅದು ಬೇಕು. ಇನ್ನೊಂದು ಇಗ್ನಿಷನ್ ಕಡೆಯಿಂದ, ಕೀ ತಿರುಗಿಸಿದಾಗ ಮಾತ್ರ. ಹೊರಗಿನ ಸೆಟ್‌ಗಳಲ್ಲಿ ಇವಕ್ಕೆ ಹಳದಿ, ಕೆಂಪು ವೈರ್. ಕಪ್ಪು ಅರ್ತ್. ಕಂಪನಿ ವೈರಿಂಗ್‌ನಲ್ಲಿ ಬಣ್ಣ ಬೇರೆ ಇರುತ್ತದೆ, ಬಣ್ಣ ನಂಬಿ ಕೈ ಹಾಕಬೇಡಿ. ಮಲ್ಟಿಮೀಟರ್ ಇಟ್ಟು ಕಪ್ಲರ್‌ನಲ್ಲಿ (ಸೆಟ್ ಹಿಂದೆ ವೈರ್‌ಗಳೆಲ್ಲ ಸೇರುವ ಪ್ಲಗ್) ಈ ಮೂರೂ ಸರಿ ಇದೆಯಾ ನೋಡಬೇಕು. ಎರಡೂ ಕಡೆ 12 ಬರುತ್ತಿದ್ದು ಅರ್ತೂ ಸರಿ ಇದ್ದರೆ, ಆಗ ಸೆಟ್ ಹೋಗಿದೆ ಅನ್ನಿ.

ನಿಮ್ಮದು ಹಂಪ್‌ಗೆ ಆಫ್ ಆನ್ ಆಗುತ್ತಿತ್ತು ಅಂದಿರಿ. ಅದು ಕಪ್ಲರ್ ಲೂಸ್ ಆಗಿರಬಹುದು, ಇಲ್ಲ ಬೋರ್ಡ್ ಒಳಗೆ ಡ್ರೈ ಸೋಲ್ಡರ್. ಕಪ್ಲರ್ ಆದರೆ ಒತ್ತಿ ಕೂರಿಸಿದರೆ ಮುಗಿಯಿತು, ಖರ್ಚು ಒಂದು ಚಹಾ.

ಎಸ್.ಪಿ. ರೋಡ್ ಪ್ರೇಮಿ
ಡ್ರೈ ಸೋಲ್ಡರ್ ಅಂತ ನಾನೂ ಹೇಳಲು ಬಂದೆ. ಹತ್ತು ವರ್ಷ ಡ್ಯಾಶ್‌ಬೋರ್ಡ್ ಬಿಸಿಯಲ್ಲಿ ಬೆಂದು, ನಮ್ಮ ರಸ್ತೆಯಲ್ಲಿ ಕುಲುಕಿ, ಪವರ್ ಸಾಕೆಟ್ ಹತ್ತಿರದ ಬೆಸುಗೆ ಬಿರುಕು ಬಿಡುತ್ತದೆ. ಒಳಗೆ ಅಷ್ಟೇನೂ ನಿಗೂಢ ಇಲ್ಲ. ಆಂಪ್ಲಿಫೈಯರ್ ಐಸಿ ಬಹಳ ಸೆಟ್‌ಗಳಲ್ಲಿ ಟಿಡಿಎ 7388, ಟಿಡಿಎ 7850 ಥರದ್ದು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿದರೆ ಸಿಗುತ್ತದೆ. ಟಿ.ವಿ. ರಿಪೇರಿ ಮಾಡುವ ಹಳೆಯ ಕೈಗಳ ಹತ್ತಿರ ಒಮ್ಮೆ ತೋರಿಸಿ. ಕಂಪನಿ ಸೆಟ್ ಡ್ಯಾಶ್‌ಬೋರ್ಡ್‌ಗೆ ಕೂತ ಹಾಗೆ ಬೇರೆ ಯಾವುದೂ ಕೂರುವುದಿಲ್ಲ.

ಟಾಪ್ ಗೇರ್ ತಿಪ್ಪ
2013ರ ಸೆಟ್ ರಿಪೇರಿ ಮಾಡಿಸಿ ಏನು ಮಾಡುವುದು ಗುರುವೇ? ಬ್ಲೂಟೂತ್ ಇರುತ್ತದೋ ಇಲ್ಲವೋ. ಸಿ.ಡಿ. ಹಾಕುವ ತೂತು ಇರುತ್ತದೆ. ಸಿ.ಡಿ. ಎಲ್ಲಿದೆ ಈಗ?

ಎಸ್.ಪಿ. ರೋಡ್ ಪ್ರೇಮಿ
ನಮ್ಮ ಮನೆಯಲ್ಲಿದೆ. ಡಬ್ಬ ತುಂಬ.

ಕುಡ್ಲದ ಕಾರು
ಮೇಡಂ, ಯಾವ ಸೆಟ್ ಬೇಕಾದರೂ ಹಾಕಿಸಿ, ವೈರ್ ಮಾತ್ರ ಕಟ್ ಮಾಡಲು ಬಿಡಬೇಡಿ ಮಾರಾಯ್ರೆ. ನಮ್ಮ ಗಾಡಿಗೆ ಒಂದು ಅಂಗಡಿಯಲ್ಲಿ ಹಾಕಿಸಿದ್ದೆ. ನಾನು ಹೊರಗೆ ಬೊಂಡ (ಎಳನೀರು) ಕುಡಿದು ಬರುವಷ್ಟರಲ್ಲಿ ಕಂಪನಿ ಕಪ್ಲರನ್ನು ಕಚಕ್ ಅಂತ ಕತ್ತರಿಸಿ, ವೈರ್ ವೈರ್ ತಿರುಚಿ, ಇನ್ಸುಲೇಷನ್ ಟೇಪ್ ಸುತ್ತಿ ಒಳಗೆ ತುರುಕಿ ಆಗಿತ್ತು. ಚೆನ್ನಾಗಿಯೇ ಹಾಡುತ್ತಿತ್ತು. ಬೇಸಿಗೆ ಬಂತು. ಮಂಗಳೂರು ಸೆಕೆ ಗೊತ್ತಲ್ಲ, ಮುಚ್ಚಿದ ಕಾರು ಬಿಸಿಲಲ್ಲಿ ನಿಂತಿತು, ಟೇಪಿನ ಅಂಟು ಕರಗಿ ಒಂದೊಂದೇ ಬಿಚ್ಚಿಕೊಂಡಿತು. ಒಂದು ದಿನ ಫ್ಯೂಸ್ ಹಾರಿತು. ಸೆಟ್ ಹೊರಗೆ ತೆಗೆದಾಗ ಹಿಂದೆ ಎಲ್ಲ ಕಪ್ಪು ಗೋಂದು, ಒಳಗೆ ಬರೀ ತಾಮ್ರ. ಬ್ಯಾಟರಿಯ ನೇರ ವೈರ್ ಕಬ್ಬಿಣದ ಫ್ರೇಮ್‌ಗೆ ತಾಗಿತ್ತು. ಫ್ಯೂಸ್ ಹಾರಿದ್ದು ಪುಣ್ಯ. ಹಾರದಿದ್ದರೆ ಹೊಗೆ.

ನಿಮ್ಮ ಮಾಡೆಲ್‌ಗೆ ಸರಿಯಾದ ಕಪ್ಲರ್ ಸಿಗುತ್ತದೆ. ಒಂದು ಕಡೆ ಗಾಡಿಯ ಕಪ್ಲರ್‌ಗೆ, ಇನ್ನೊಂದು ಕಡೆ ಹೊಸ ಸೆಟ್‌ಗೆ. ಕೆಲವು ನೂರು ರೂಪಾಯಿ. ಗಾಡಿ ಮಾರುವಾಗ ಹಳೆಯ ಸೆಟ್ ವಾಪಸ್ ಹಾಕಬಹುದು.

ಅಂಗಡಿ ಹುಡುಗ
ನಾನು ಆಕ್ಸೆಸರಿ ಅಂಗಡಿಯಲ್ಲೇ ಫಿಟ್ಟಿಂಗ್ ಮಾಡುವವನು. ಎಲ್ಲರೂ ನಮ್ಮನ್ನೇ ಬೈಯುತ್ತೀರಿ. ನಾವು ಕಪ್ಲರ್ ಹಾಕೋಣ ಸಾರ್, ನಾನ್ನೂರು ಜಾಸ್ತಿ ಆಗುತ್ತದೆ ಅಂದರೆ "ಅದೆಲ್ಲ ಬೇಡ, ಇದ್ದ ವೈರಿಗೇ ಕೊಡು, ಬೇಗ ಮುಗಿಸು, ಮದುವೆಗೆ ಹೋಗಬೇಕು" ಅನ್ನುತ್ತಾರೆ. ಹನ್ನೆರಡು ಸಾವಿರದ ಸೆಟ್ ತಗೊಂಡು ನಾನ್ನೂರಕ್ಕೆ ಜಗಳ. ಆಮೇಲೆ ಬಂದು ವೈರ್ ಕಟ್ ಮಾಡಿದ್ದೀಯ ಅನ್ನುವುದು. ಕಪ್ಲರ್ ಇದ್ದರೆ ನಮಗೂ ಕೆಲಸ ಹಗುರ. ಬಂದ ಗಿರಾಕಿ ಮೊದಲೇ ಬಾಯಿಬಿಟ್ಟು ಹೇಳಲಿ.

ಕುಡ್ಲದ ಕಾರು
ಸರಿ, ಆದರೆ ನನ್ನನ್ನು ಯಾರೂ ಕೇಳಲೂ ಇಲ್ಲ, ಹೇಳಲೂ ಇಲ್ಲ. ಬೊಂಡ ಅಂಗಡಿ ಎದುರಿಗೇ ಇತ್ತು.

ಅಂಗಡಿ ಹುಡುಗ
ಅದು ತಪ್ಪು. ಒಪ್ಪುತ್ತೇನೆ. ಎಲ್ಲ ಅಂಗಡಿ ಹಾಗಿರುವುದಿಲ್ಲ.

ಹುಬ್ಬಳ್ಳಿ ಹೈವೇ
ಸೈಜ್ ಬಗ್ಗೆ ಯಾರೂ ಹೇಳಲಿಲ್ಲ. ಸಿಂಗಲ್ ಡಿನ್ ಅಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್ ಅಂದರೆ ಅಗಲ ಅದೇ, ಎತ್ತರ 100. ಕೆಲವು ಜಪಾನಿ ಗಾಡಿಗಳಲ್ಲಿ ಅಗಲ 200 ಇರುತ್ತದೆ, ಅಲ್ಲಿ ಎರಡೂ ಪಕ್ಕ ಪಟ್ಟಿ ಹಾಕಬೇಕಾಗುತ್ತದೆ. 9 ಇಂಚು, 10 ಇಂಚು ಅನ್ನುವುದೆಲ್ಲ ಮುಂದಿನ ಗಾಜು ಅಷ್ಟೇ, ಅದಕ್ಕೆ ನಿಮ್ಮ ಮಾಡೆಲ್‌ದೇ ಫ್ರೇಮ್ ಬೇಕು. ಫ್ರೇಮ್ ಸರಿ ಇಲ್ಲದಿದ್ದರೆ ಸಂದು ಬಿಡುತ್ತದೆ, ಹಂಪ್‌ಗೆಲ್ಲ ಟಕಟಕ ಅನ್ನುತ್ತದೆ. ದುಡ್ಡು ಕೊಡುವ ಮೊದಲು ಫ್ರೇಮನ್ನು ಡ್ಯಾಶ್‌ಬೋರ್ಡ್‌ಗೆ ಹಿಡಿದು ನೋಡಿ ಮೇಡಂ.

ನಿಮಗೆ ಬೇಕಾದ್ದು ರೇಡಿಯೋ, ಫೋನ್ ಅಷ್ಟೇ ಆದರೆ ಬ್ರಾಂಡೆಡ್ ಸಿಂಗಲ್ ಡಿನ್ ಸಾಕು. ಗುಂಡಿ ತಿರುಗಿಸಿದರೆ ವಾಲ್ಯೂಮ್. ಕಣ್ಣು ರಸ್ತೆ ಮೇಲೇ ಇರುತ್ತದೆ.

ಟಾಪ್ ಗೇರ್ ತಿಪ್ಪ
ಸಿಂಗಲ್ ಡಿನ್ ಹಾಕಿದರೆ ಡಬಲ್ ಡಿನ್ ಜಾಗದಲ್ಲಿ ಕೆಳಗೆ ಒಂದು ಗೂಡು ಉಳಿಯುತ್ತದೆ. ಟೋಲ್ ಚೀಟಿ ಇಡಲು ಅನುಕೂಲ. ಓ, ಈಗ ಫಾಸ್ಟ್‌ಟ್ಯಾಗ್ ಬಂದಿದೆ, ಅದಕ್ಕೂ ಬೇಡ.

ಕೋಡ್ ಕೊಟ್ರೇಶಿ
ಆಂಡ್ರಾಯ್ಡ್ ಸೆಟ್ ತಗೊಳ್ಳುವವರಿಗೆ ಒಂದು ಮಾತು. ಡಬ್ಬದ ಮೇಲೆ 8 ಜಿಬಿ ರ‍್ಯಾಮ್, ಆಂಡ್ರಾಯ್ಡ್ 14 ಎಂದು ಬರೆದಿರುತ್ತದೆ. ಸೆಟ್ಟಿಂಗ್ಸ್ ತೆರೆದರೆ ಅಲ್ಲೂ ಅದೇ ತೋರಿಸುತ್ತದೆ, ಯಾಕೆಂದರೆ ಅಲ್ಲಿ ತೋರಿಸುವ ಅಕ್ಷರವನ್ನೇ ಬದಲಾಯಿಸಿ ಕಳಿಸಿರುತ್ತಾರೆ. ಸಿಪಿಯು ಝಡ್ ಅಥವಾ ಐಡಾ 64 ಆ್ಯಪ್ ಹಾಕಿ ನೋಡಿ. 8 ಅಂದದ್ದು 2 ಇರುತ್ತದೆ, 14 ಅಂದದ್ದು 10 ಇರುತ್ತದೆ. ಎಲ್ಲವೂ ಹೀಗೆ ಅಂತಲ್ಲ, ನಿಜವಾದವೂ ಇವೆ, ಆದರೆ ಅಂಗಡಿಯಲ್ಲೇ ಆ್ಯಪ್ ಹಾಕಿ ನೋಡುವುದಕ್ಕೆ ನಾಚಿಕೆ ಯಾಕೆ?

ಇನ್ನೊಂದು, ಇವು ಪೂರ್ತಿ ಆಫ್ ಆಗುವುದಿಲ್ಲ, ನಿದ್ದೆ ಮಾಡುತ್ತವೆ. ಬೇಗ ಆನ್ ಆಗಲಿ ಅಂತ. ಆ ನಿದ್ದೆಯಲ್ಲೂ ಬ್ಯಾಟರಿ ಕುಡಿಯುತ್ತವೆ. ವಾರಗಟ್ಟಲೆ ಗಾಡಿ ನಿಲ್ಲಿಸುವವರು ಮಲ್ಟಿಮೀಟರನ್ನು ಬ್ಯಾಟರಿ ನೆಗೆಟಿವ್ ಜೊತೆ ಸೀರೀಸ್‌ನಲ್ಲಿ ಹಾಕಿ ನೋಡಿ. ಬಾಗಿಲು ಹಾಕಿ, ಲಾಕ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟ ಮೇಲೆ 50 ಮಿಲಿಆಂಪ್ ಒಳಗೆ ಇರಬೇಕು.

ಟಾಪ್ ಗೇರ್ ತಿಪ್ಪ
ನಂದು 50 ಗುಣಿಸು 4, ಒಟ್ಟು 200 ವ್ಯಾಟ್ ಸೆಟ್. ಕಂಪನಿ ಸೆಟ್ ಅದರ ಮುಂದೆ ಸೊಳ್ಳೆ.

ಹನ್ನೆರಡು ವೋಲ್ಟ್
ತಿಪ್ಪಣ್ಣ, ಸೆಟ್ ಹಿಂದಿನ ಫ್ಯೂಸ್ ಎಷ್ಟು ಆಂಪ್?

ಟಾಪ್ ಗೇರ್ ತಿಪ್ಪ
10.

ಹನ್ನೆರಡು ವೋಲ್ಟ್
ಇಂಜಿನ್ ಓಡುವಾಗ 14.4 ವೋಲ್ಟ್ ಅಂತ ಇಟ್ಟುಕೊಳ್ಳಿ. 10 ಆಂಪ್ ಫ್ಯೂಸ್ ಅಂದರೆ ಒಳಗೆ ಹೋಗುವುದೇ 144 ವ್ಯಾಟ್. 200 ಹೊರಗೆ ಹೇಗೆ ಬರುತ್ತದೆ? 50 ಅನ್ನುವುದು ಕ್ಷಣಮಾತ್ರದ ಪೀಕ್. ನಿಜವಾದ ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ಶಕ್ತಿಯ ಲೆಕ್ಕದಲ್ಲಿ 4 ಓಮ್ ಸ್ಪೀಕರ್‌ಗೆ ಚಾನೆಲ್‌ಗೆ 20ರಿಂದ 25 ವ್ಯಾಟ್ ಬಂದರೆ ಅದೇ ಹೆಚ್ಚು. ಕಂಪನಿ ಸೆಟ್‌ನಲ್ಲೂ ಹೆಚ್ಚುಕಡಿಮೆ ಅದೇ ಜಾತಿಯ ಐಸಿ ಇರುತ್ತದೆ. ನಿಮಗೆ ಜೋರು ಅನ್ನಿಸುವುದು ಈಕ್ವಲೈಸರ್‌ನಲ್ಲಿ ಬೇಸ್ ಏರಿಸಿದ್ದಕ್ಕೆ.

ಟಾಪ್ ಗೇರ್ ತಿಪ್ಪ
ನನ್ನ ಖುಷಿ ಹಾಳು ಮಾಡಿದಿರಿ.

ಎಸ್.ಪಿ. ರೋಡ್ ಪ್ರೇಮಿ
ಹಾಗೇ ಇನ್ನೊಂದು ಸೇರಿಸುತ್ತೇನೆ. ಸ್ಪೀಕರ್‌ನ ಮೈನಸ್ ವೈರನ್ನು ಯಾವ ಕಾರಣಕ್ಕೂ ಬಾಡಿಗೆ ಅರ್ತ್ ಮಾಡಬಾರದು. ಹಳೆಯ ಕ್ಯಾಸೆಟ್ ಪ್ಲೇಯರ್ ಕಾಲದಲ್ಲಿ ಕೆಲವರು ಹಾಗೆ ಮಾಡುತ್ತಿದ್ದರು, ನಡೆಯುತ್ತಿತ್ತು. ಈಗಿನ ಐಸಿಗಳಲ್ಲಿ ಎರಡೂ ವೈರಿನಲ್ಲಿ ಸಿಗ್ನಲ್ ಇರುತ್ತದೆ, ಅರ್ತ್ ಮಾಡಿದರೆ ಸೆಟ್ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಇಲ್ಲ ಐಸಿ ಸುಡುತ್ತದೆ. ಬಿಳಿ, ಬೂದು ಮುಂದಿನ ಸ್ಪೀಕರ್. ಹಸಿರು, ನೇರಳೆ ಹಿಂದಿನವು. ಕಪ್ಪು ಗೆರೆ ಇರುವುದು ಮೈನಸ್. ಒಂದು ಬಾಗಿಲಿನದ್ದು ಉಲ್ಟಾ ಕೊಟ್ಟರೆ ಹಾಡು ಬರುತ್ತದೆ, ಬೇಸ್ ಮಾಯ ಆಗುತ್ತದೆ. ಜನ ಸ್ಪೀಕರ್ ಸರಿ ಇಲ್ಲ ಅಂದುಕೊಂಡು ಅದನ್ನೂ ಬದಲಾಯಿಸುತ್ತಾರೆ.

ಹೇಮಾವತಿ ದಡ
ಇಷ್ಟೊಂದು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಸೆಟ್ ಹೊರಗೆ ಎಳೆಸಿದೆ. ಹಿಂದಿನ ಫ್ಯೂಸ್ ಸರಿ. ಕಪ್ಲರ್‌ನಲ್ಲಿ ಎರಡೂ ಕಡೆ 12.4 ವೋಲ್ಟ್. ಅರ್ತ್ ಸರಿ. ಸೆಟ್ಟೇ ಹೋಗಿದೆ.

ಸ್ಟೀರಿಂಗ್ ಬಟನ್ ಬಗ್ಗೆ ಯಾರಾದರೂ ಹೇಳಿ. ಅಂಗಡಿಯವರು ಒಬ್ಬರು ಬರುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಬರುವುದಿಲ್ಲ ಅನ್ನುತ್ತಾರೆ.

ಅಂಗಡಿ ಹುಡುಗ
ಇಬ್ಬರೂ ಸುಳ್ಳು ಹೇಳುತ್ತಿಲ್ಲ ಮೇಡಂ, ಗಾಡಿ ಮೇಲೆ ಹೋಗುತ್ತದೆ. ಹಳೆಯ ಥರದ ವೈರಿಂಗ್‌ನಲ್ಲಿ ಒಂದೊಂದು ಬಟನ್‌ಗೆ ಒಂದೊಂದು ಬೆಲೆಯ ರೆಸಿಸ್ಟರ್ ಇರುತ್ತದೆ. ಒತ್ತಿದಾಗ ಎಷ್ಟು ಓಮ್ ಬಂತು ಎಂದು ನೋಡಿ ಸೆಟ್ ಗುರುತು ಹಿಡಿಯುತ್ತದೆ. ಹೊಸ ಸೆಟ್‌ನ ಹಿಂದೆ ಕೀ 1, ಕೀ 2 ಎಂದು ಎರಡು ವೈರ್ ಬರುತ್ತದೆ, ಅದಕ್ಕೆ ಕೊಟ್ಟು ಒಂದೊಂದೇ ಬಟನ್ ಕಲಿಸಬೇಕು. ವಾಲ್ಯೂಮ್ ಮೇಲೆ ಒತ್ತಿ, ಸ್ಕ್ರೀನ್‌ನಲ್ಲಿ ವಾಲ್ಯೂಮ್ ಮುಟ್ಟಿ, ಮುಗಿಯಿತು. ಕ್ಯಾನ್ ಬಸ್ ಗಾಡಿ ಆದರೆ ಬಟನ್ ಮಾತಾಡುವುದು ಡೇಟಾ ಲೈನ್‌ನಲ್ಲಿ, ಆಗ ಮಧ್ಯೆ ಒಂದು ಕ್ಯಾನ್ ಬಾಕ್ಸ್ ಬೇಕು. ನಿಮ್ಮ ಕಾಲದ, ನಿಮ್ಮ ರೇಟಿನ ಗಾಡಿ ಬಹುಶಃ ಮೊದಲನೇ ಥರ.

ಹುಬ್ಬಳ್ಳಿ ಹೈವೇ
ಈಗ ಬರುವ ಗಾಡಿಗಳಲ್ಲಂತೂ ಎಸಿ, ಗಾಡಿ ಸೆಟ್ಟಿಂಗ್ ಎಲ್ಲ ಸ್ಕ್ರೀನ್ ಒಳಗೇ ಇರುತ್ತದೆ. ಅದು ಕೆಟ್ಟರೆ ಹೊರಗಿನದ್ದು ಹಾಕುವುದು ದೊಡ್ಡ ತಲೆನೋವು. 2013ರ ಗಾಡಿ ಇಟ್ಟುಕೊಂಡವರು ಅದೃಷ್ಟವಂತರು.

ಆಕ್ಲೆಂಡ್ ಅಕ್ಕಿರೊಟ್ಟಿ
ನ್ಯೂಜಿಲೆಂಡ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಜಪಾನ್‌ನಲ್ಲಿ ಓಡಿಸಿ ಬಿಟ್ಟ ಗಾಡಿಗಳು ಬಹಳ ಬರುತ್ತವೆ. ಬೆಲೆ ಕಡಿಮೆ, ನಾನೂ ಒಂದು ತಗೊಂಡೆ. ರೇಡಿಯೋ ಹಾಕಿದರೆ 90ರ ಮೇಲೆ ಹೋಗುವುದೇ ಇಲ್ಲ! ಜಪಾನ್‌ನ ಎಫ್‌ಎಂ ಶುರುವಾಗುವುದೇ 76ರಿಂದ, ಹಳೆಯ ಸೆಟ್‌ಗಳು 90ಕ್ಕೆ ನಿಲ್ಲುತ್ತವೆ. ಇಲ್ಲಿನ ಸ್ಟೇಷನ್ ಎಲ್ಲ 88ರಿಂದ 108. ಸ್ಕ್ರೀನ್ ತುಂಬ ಜಪಾನಿ ಅಕ್ಷರ, ನಕ್ಷೆ ಟೋಕಿಯೋದು. ಬ್ಯಾಂಡ್ ಎಕ್ಸ್‌ಪ್ಯಾಂಡರ್ ಅಂತ ಒಂದು ಪುಟ್ಟ ಡಬ್ಬಿ ಆಂಟೆನಾ ವೈರಿನ ಮಧ್ಯೆ ಹಾಕುತ್ತಾರೆ, ಸ್ಟೇಷನ್‌ಗಳನ್ನೆಲ್ಲ ಕೆಳಗೆ ಇಳಿಸಿ ಕೊಡುತ್ತದೆ. 98 ಕೇಳಬೇಕಾದರೆ ಸ್ಕ್ರೀನ್‌ನಲ್ಲಿ 86 ಹಾಕಬೇಕು, ಹಾಗೆ. ಸೌಂಡ್ ಸುಮಾರು. ಕೊನೆಗೆ ಬೇಸತ್ತು ಹೊರಗಿನ ಸೆಟ್ಟೇ ಹಾಕಿಸಿದೆ.

ಟಾಪ್ ಗೇರ್ ತಿಪ್ಪ
ಅಕ್ಕಿರೊಟ್ಟಿ ಸಾರ್, ಅಲ್ಲಿ ಅಕ್ಕಿ ಹಿಟ್ಟು ಸಿಗುತ್ತದಾ?

ಆಕ್ಲೆಂಡ್ ಅಕ್ಕಿರೊಟ್ಟಿ
ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಸಬ್ಬಸಿಗೆ ಸೊಪ್ಪೂ ಸಿಗುತ್ತದೆ. ರೊಟ್ಟಿ ಮಾತು ಬೇರೆ ಕಡೆ ಆಡೋಣ.

ಹೇಮಾವತಿ ದಡ
ಅಪ್‌ಡೇಟ್. ಮನೆಯವರ ಮಾತಿಗೆ ಒಪ್ಪಿ 7 ಇಂಚಿನ ಆಂಡ್ರಾಯ್ಡ್ ಡಬಲ್ ಡಿನ್ ಹಾಕಿಸಿದೆ. ಎದುರಿಗೇ ನಿಂತು ಮಾಡಿಸಿದೆ, ಕಪ್ಲರ್‌ಗೆ ಕಪ್ಲರ್, ಒಂದು ವೈರೂ ಕಟ್ ಮಾಡಿಸಲಿಲ್ಲ. ಸ್ಟೀರಿಂಗ್ ಬಟನ್ ಕಲಿಸಿದರು, ಕೆಲಸ ಮಾಡುತ್ತಿದೆ. ಫೋನ್ ಚೆನ್ನಾಗಿ ಕೇಳುತ್ತದೆ.

ಒಂದೇ ಬೇಜಾರು, ಯಾವುದಕ್ಕೆ ಹಾಕಿಸಿದೆನೋ ಅದೇ ಬರುತ್ತಿಲ್ಲ. ಹಾಸನ ಆಕಾಶವಾಣಿ ಕರಕರ. "ಸ" "ಶ" ಬಂದಾಗೆಲ್ಲ ಸ್ಪೀಕರ್ ಹರಿದ ಹಾಗೆ ಕೇಳುತ್ತದೆ. ಹಳೆಯ ಸೆಟ್‌ನಲ್ಲಿ ಸ್ಫಟಿಕದ ಹಾಗೆ ಬರುತ್ತಿತ್ತು, ಸ್ಟೇಷನ್ ಇರುವುದೇ ನಮ್ಮ ಊರಲ್ಲಿ.

ಕೋಡ್ ಕೊಟ್ರೇಶಿ
ಈ ಸೆಟ್‌ಗಳ ಟ್ಯೂನರ್ ದರಿದ್ರ. ಗೊತ್ತಿರುವ ವಿಷಯ. ನ್ಯೂಸ್ ಆನ್ ಏರ್ ಆ್ಯಪ್ ಹಾಕಿ, ಆಕಾಶವಾಣಿ ನೆಟ್‌ನಲ್ಲೇ ಬರುತ್ತದೆ. ಎಫ್‌ಎಂ ಕಾಲ ಮುಗಿಯಿತು.

ಕುಡ್ಲದ ಕಾರು
ಎಂತ ಮುಗಿಯುವುದು? ಶಿರಾಡಿ ಘಾಟಿಯಲ್ಲಿ ನಿಮ್ಮ ನೆಟ್ ತೋರಿಸಿ ನೋಡುವ.

ಕೋಡ್ ಕೊಟ್ರೇಶಿ
ಘಾಟಿಯಲ್ಲಿ ಎಫ್‌ಎಂ ಕೂಡ ಬರುವುದಿಲ್ಲ ಬಿಡಿ. ಗುಡ್ಡ ಅಡ್ಡ ಬಂದರೆ ಅದೂ ಸತ್ತಂತೆ. ಅಲ್ಲಿ ಪೆನ್ ಡ್ರೈವ್ ಒಂದೇ ಗತಿ.

ಎಸ್.ಪಿ. ರೋಡ್ ಪ್ರೇಮಿ
ಮೇಡಂ, ಆಂಟೆನಾ ನೋಡಿಸಿ. ಮೇಲ್ಛಾವಣಿಯಲ್ಲಿ ಪುಟ್ಟ ಆಂಟೆನಾ ಇದ್ದರೆ ಅದರ ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇರುವುದು ಸಾಮಾನ್ಯ. ಅದಕ್ಕೆ 12 ವೋಲ್ಟ್ ಬೇಕು. ಹೊಸ ಸೆಟ್‌ನ ನೀಲಿ ವೈರಿನಿಂದ ಕೊಡಬೇಕು, ಫಿಟ್ ಮಾಡುವವರು ಅದನ್ನು ಸುಮ್ನೆ ಸುತ್ತಿ ಬಿಟ್ಟಿರುತ್ತಾರೆ. ಕೆಲವು ಯುರೋಪಿನ ಬ್ರಾಂಡ್‌ಗಳಲ್ಲಿ ಆ ಕರೆಂಟ್ ಆಂಟೆನಾ ಕೇಬಲ್ ಒಳಗೇ ಹೋಗುತ್ತದೆ, ಪ್ಲಗ್ಗೂ ಬೇರೆ, ಫಾಕ್ರಾ ಅಂತಾರೆ, ಅದಕ್ಕೆ ಬೇರೆ ಅಡಾಪ್ಟರ್.

ಅಂಗಡಿ ಹುಡುಗ
ಡ್ಯಾಶ್‌ಕ್ಯಾಮ್, ಅಗ್ಗದ ಮೊಬೈಲ್ ಚಾರ್ಜರ್ ಏನಾದರೂ ಇದ್ದರೆ ತೆಗೆದು ನೋಡಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ನೂರು ರೂಪಾಯಿ ಚಾರ್ಜರ್‌ಗಳು ಎಫ್‌ಎಂ ಕೊಲ್ಲುತ್ತವೆ.

ಹೇಮಾವತಿ ದಡ
ಚಾರ್ಜರ್ ತೆಗೆದೆ, ಅದೇ ಕಥೆ. ನೀಲಿ ವೈರ್ ಕೊಟ್ಟಿದ್ದಾರೆ, ಅಂಗಡಿಯವರು ಬಿಚ್ಚಿ ತೋರಿಸಿದರು, 12 ವೋಲ್ಟ್ ಬರುತ್ತಿದೆ.

ವಿಚಿತ್ರ ಏನು ಅಂದರೆ ಭಾನುವಾರ ಬೆಂಗಳೂರಿಗೆ ಹೋಗಿದ್ದೆವು. ಅಲ್ಲಿ ಎಲ್ಲ ಚೆನ್ನಾಗಿ ಬಂತು. ರೇನ್‌ಬೋ 101.3, ವಿವಿಧ ಭಾರತಿ 102.9, 91.1, 98.3 ಎಲ್ಲ ನೀಟಾಗಿ. 104 ಒಂದು ಮಾತ್ರ ಕರಕರ. ವಾಪಸ್ ಊರಿಗೆ ಬಂದರೆ ಮತ್ತೆ ಅದೇ. ಹಾಸನದಲ್ಲಿ ಟ್ರಾನ್ಸ್‌ಮಿಟರ್ ವೀಕ್ ಆಗಿದೆಯಾ?

ಕೋಡ್ ಕೊಟ್ರೇಶಿ
ಬೆಂಗಳೂರಲ್ಲಿ ಸಿಗ್ನಲ್ ಸ್ಟ್ರಾಂಗ್. ಹಾಗಾಗಿ ಬಂದಿದೆ. ನಾನು ಹೇಳಿದ್ದೇ ಸರಿ, ಟ್ಯೂನರ್ ದರಿದ್ರ.

ಹನ್ನೆರಡು ವೋಲ್ಟ್
ತಡೀರಿ ತಡೀರಿ. ಸ್ಟ್ರಾಂಗ್ ಆದರೆ 104 ಯಾಕೆ ಕೆಡಬೇಕು?

ಮೇಡಂ, ಒಂದು ಕೆಲಸ ಮಾಡಿ. ರೇಡಿಯೋ ಸ್ಕ್ರೀನ್‌ನಲ್ಲಿ ಮುಂದಿನ ಬಾಣ ಒಂದೊಂದೇ ಸಲ ಒತ್ತಿ, ನಂಬರ್ ಹೇಗೆ ಹೋಗುತ್ತದೆ ಹೇಳಿ. 102.1, 102.2, 102.3 ಅಂತಲಾ? ಇಲ್ಲ 102.1, 102.3, 102.5 ಅಂತಲಾ?

ಹೇಮಾವತಿ ದಡ
ಈಗ ತಾನೇ ಕಾರಿಗೆ ಹೋಗಿ ನೋಡಿ ಬಂದೆ. 102.1, ಆಮೇಲೆ 102.3. 102.2 ಬರುವುದೇ ಇಲ್ಲ!! ಹಾಸನ ಇರುವುದೇ 102.2. ನಾನು ಆಟೋ ಸರ್ಚ್ ಮಾಡಿದ್ದೆ, ಅದು 102.1ಕ್ಕೆ ನಿಂತಿತ್ತು, ಅಷ್ಟು ಗಮನಿಸಿರಲಿಲ್ಲ.

ಹನ್ನೆರಡು ವೋಲ್ಟ್
ಸಿಕ್ಕಿತು. ನಿಮ್ಮ ಸೆಟ್ ಅಮೆರಿಕದಲ್ಲಿದೆ.

ಅಮೆರಿಕದಲ್ಲಿ ಎಫ್‌ಎಂ ಸ್ಟೇಷನ್‌ಗಳ ಕೊನೆ ಅಂಕಿ ಯಾವಾಗಲೂ ಬೆಸ. 88.1, 88.3, 88.5 ಹೀಗೆ. 0.2ರ ಹೆಜ್ಜೆ. ಸೆಟ್‌ನ ರೇಡಿಯೋ ರೀಜನ್ ಯುಎಸ್‌ಎ ಅಂತ ಇದ್ದರೆ ಅದು ಸಮ ಅಂಕಿಗೆ ಕಾಲೇ ಇಡುವುದಿಲ್ಲ. ಬೆಂಗಳೂರಿನಲ್ಲಿ ನೀವು ಹೇಳಿದ 91.1, 98.3, 101.3, 102.9 ಎಲ್ಲ ಬೆಸ, ಅದಕ್ಕೇ ಬಂತು. 104.0 ಸಮ, ಕೆಟ್ಟಿತು. ಹಾಸನ 102.2 ಸಮ. ಮೈಸೂರು ಆಕಾಶವಾಣಿ 100.6, ಅದೂ ಬರುವುದಿಲ್ಲ ನೋಡಿ. 0.1 ಪಕ್ಕಕ್ಕೆ ನಿಂತು ಕೇಳಿದರೆ ಮಾತು ಗೊತ್ತಾಗುತ್ತದೆ, ಸ ಶ ಒಡೆಯುತ್ತದೆ. ನೀವು ಬರೆದಿದ್ದು ಅದನ್ನೇ.

ಸೆಟ್ಟಿಂಗ್ಸ್‌ನಲ್ಲಿ ರೇಡಿಯೋ ರೀಜನ್ ಅಥವಾ ಏರಿಯಾ ಹುಡುಕಿ. ಅಲ್ಲಿ ಇಲ್ಲದಿದ್ದರೆ ಫ್ಯಾಕ್ಟರಿ ಸೆಟ್ಟಿಂಗ್ಸ್‌ನಲ್ಲಿರುತ್ತದೆ, ಪಾಸ್‌ವರ್ಡ್ ಕೇಳುತ್ತದೆ, ಫಿಟ್ ಮಾಡಿದ ಅಂಗಡಿಯವರ ಹತ್ತಿರ ಇರುತ್ತದೆ. ಯುರೋಪ್ ಅಥವಾ ಏಷ್ಯಾ ಮಾಡಿ. ಅದರ ಒಳಗೆ ಹೋದಾಗ ಬೇರೆ ಯಾವುದನ್ನೂ ಮುಟ್ಟಬೇಡಿ, ಕ್ಯಾನ್ ಪ್ರೋಟೋಕಾಲ್, ಸ್ಕ್ರೀನ್ ಟೈಪ್ ಎಲ್ಲ ಅಲ್ಲೇ ಇರುತ್ತದೆ.

ಟಾಪ್ ಗೇರ್ ತಿಪ್ಪ
ಹಾಸನದಲ್ಲಿ ಕೂತು ಅಮೆರಿಕ. ವೀಸಾ ಇಲ್ಲದೆ.

ಎಸ್.ಪಿ. ರೋಡ್ ಪ್ರೇಮಿ
ಇದು ನನಗೆ ಹೊಳೆಯಲಿಲ್ಲ. ಎಎಂ ಕೇಳುವವರಿಗೆ ಇದಕ್ಕಿಂತ ಕಷ್ಟ. ನಮ್ಮಲ್ಲಿ ಮೀಡಿಯಂ ವೇವ್ 9 ಕಿಲೋಹರ್ಟ್ಸ್ ಹೆಜ್ಜೆ, ಅಮೆರಿಕದಲ್ಲಿ 10. ಬೆಂಗಳೂರು 612, ಭದ್ರಾವತಿ 675, ಧಾರವಾಡ 765, ಎಲ್ಲವೂ 9ರ ಮಗ್ಗಿಯಲ್ಲಿ ಬರುತ್ತವೆ. 10ರ ಹೆಜ್ಜೆಯಲ್ಲಿ ಒಂದೂ ಸಿಗುವುದಿಲ್ಲ.

ಹುಬ್ಬಳ್ಳಿ ಹೈವೇ
ನಮ್ಮ ಅಪ್ಪ ಹೊಲಕ್ಕೆ ಹೋಗುವಾಗ ಧಾರವಾಡ ಹಾಕಿಕೊಂಡೇ ಹೋಗುವುದು. ಕಾರಿಗೆ ಹೊಸ ಸೆಟ್ ಹಾಕಿಸಿದಾಗ ಎಎಂ ಬಟನ್ನೇ ಇರಲಿಲ್ಲ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಈಗ ಡ್ಯಾಶ್‌ಬೋರ್ಡ್ ಮೇಲೆ ಸೆಲ್ ಹಾಕುವ ಟ್ರಾನ್ಸಿಸ್ಟರ್ ಇಟ್ಟುಕೊಂಡಿದ್ದಾರೆ, ಪಕ್ಕದಲ್ಲಿ ಹತ್ತು ಇಂಚಿನ ಸ್ಕ್ರೀನ್ ಖಾಲಿ ಉರಿಯುತ್ತಿರುತ್ತದೆ.

ಕೋಡ್ ಕೊಟ್ರೇಶಿ
ಆಕಾಶವಾಣಿಯ ಮೀಡಿಯಂ ವೇವ್ ಹಲವು ಕಡೆ ಡಿಆರ್‌ಎಂ ಅನ್ನುವ ಡಿಜಿಟಲ್ ಪದ್ಧತಿಯಲ್ಲೂ ಬರುತ್ತದೆ. ಕೆಲವು ಹೊಸ ಕಾರುಗಳ ಕಂಪನಿ ಸೆಟ್‌ನಲ್ಲೇ ಡಿಆರ್‌ಎಂ ಕೊಡುತ್ತಾರೆ. ಅಂಥದ್ದನ್ನು ಕಿತ್ತು ಆಂಡ್ರಾಯ್ಡ್ ಹಾಕಿದರೆ ಅದು ಹೋಯಿತು. ಯಾರಿಗೂ ಗೊತ್ತೇ ಇರುವುದಿಲ್ಲ.

ಕುಡ್ಲದ ಕಾರು
ಎಫ್‌ಎಂ ಕಾಲ ಮುಗಿಯಿತು ಅಂದವರು ಈಗ ಎಎಂ ಡಿಜಿಟಲ್ ಅನ್ನುತ್ತಿದ್ದೀರಿ ಮಾರಾಯ್ರೆ.

ಕೋಡ್ ಕೊಟ್ರೇಶಿ
ಡಿಜಿಟಲ್ ಬೇರೆ ವಿಷಯ.

ಹೇಮಾವತಿ ದಡ
ಬಂತು!! ಅಂಗಡಿಗೆ ಫೋನ್ ಮಾಡಿದೆ, ಪಾಸ್‌ವರ್ಡ್ ವಾಟ್ಸಾಪ್ ಮಾಡಿದರು. ರೇಡಿಯೋ ಅಂತ ಒಂದು ಪುಟ, ಅದರಲ್ಲಿ ಯುಎಸ್‌ಎ ಎಂದೇ ಟಿಕ್ ಆಗಿತ್ತು. ಯುರೋಪ್ ಮಾಡಿದೆ, ಸೆಟ್ ಒಮ್ಮೆ ಆಫ್ ಆಗಿ ಆನ್ ಆಯಿತು, 102.2 ಕೂತಿತು. ಪ್ರದೇಶ ಸಮಾಚಾರ ಪೂರ್ತಿ ಕೇಳಿದೆ, ಒಂದು ಅಕ್ಷರವೂ ಒಡೆಯಲಿಲ್ಲ. @ಹನ್ನೆರಡು ವೋಲ್ಟ್ ನಿಮಗೆ ಹಾಸನಕ್ಕೆ ಬಂದರೆ ಊಟ.

ಇನ್ನು ಎರಡು ಪ್ರಶ್ನೆ. ರಾತ್ರಿ ಸ್ಕ್ರೀನ್ ಕಣ್ಣಿಗೆ ಹೊಡೆಯುತ್ತದೆ, ಹೆಡ್‌ಲೈಟ್ ಹಾಕಿದಾಗ ತಾನಾಗೇ ಮಂಕಾಗುವ ಹಾಗೆ ಮಾಡಬಹುದಾ? ಇನ್ಶೂರೆನ್ಸ್‌ಗೆ ಹೇಳಬೇಕಾ?

ಅಂಗಡಿ ಹುಡುಗ
ಕಿತ್ತಳೆ ಬಣ್ಣದ, ಬಿಳಿ ಗೆರೆಯ ವೈರ್ ಇಲ್ಯುಮಿನೇಷನ್‌ದು. ಪಾರ್ಕಿಂಗ್ ಲೈಟ್ ಹಾಕಿದಾಗ 12 ವೋಲ್ಟ್ ಬರುವ ಲೈನ್‌ಗೆ ಅದು ಸೇರಬೇಕು. ಕಪ್ಲರ್‌ನಲ್ಲಿ ಆ ಪಿನ್ ಖಾಲಿ ಬಿಟ್ಟಿರುತ್ತಾರೆ, ಅಂಗಡಿಗೆ ಹೋಗಿ ಕೇಳಿ, ಹತ್ತು ನಿಮಿಷ. ಅಲ್ಲಿಯ ತನಕ ಬ್ರೈಟ್‌ನೆಸ್‌ನಲ್ಲಿ ರಾತ್ರಿ ಮೋಡ್‌ಗೆ ಟೈಮ್ ಹಾಕಿ.

ಪಾಲಿಸಿ ಪರಮೇಶಿ
ಇನ್ಶೂರೆನ್ಸ್ ನನ್ನ ಕೆಲಸ. ಗಾಡಿ ಜೊತೆ ಕಂಪನಿಯಿಂದಲೇ ಬಂದ ಸೆಟ್ ಗಾಡಿಯ ಐಡಿವಿ (ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) ಒಳಗೇ ಸೇರಿರುತ್ತದೆ. ಆಮೇಲೆ ಹೊರಗೆ ಹಾಕಿಸಿದ್ದು ಎಲೆಕ್ಟ್ರಿಕಲ್ ಆಕ್ಸೆಸರಿ. ಪಾಲಿಸಿಯಲ್ಲಿ ಬೇರೆಯಾಗಿ ಬರೆಸಬೇಕು, ಐಎಂಟಿ 24 ಅನ್ನುತ್ತೇವೆ, ಮೋಟಾರ್ ಟ್ಯಾರಿಫ್ ಪ್ರಕಾರ ಅದರ ಬೆಲೆಯ ಶೇ. 4 ಪ್ರೀಮಿಯಂ ಜಾಸ್ತಿ. ಹತ್ತು ಸಾವಿರದ ಸೆಟ್‌ಗೆ 400. ಬರೆಸದಿದ್ದರೆ ಕಳ್ಳತನ ಆದಾಗ ಅದಕ್ಕೆ ದುಡ್ಡು ಬರುವುದಿಲ್ಲ. ಬಿಲ್ ಇಟ್ಟುಕೊಂಡಿದ್ದೀರಿ ತಾನೇ? ಬಿಲ್ ಇಲ್ಲದೆ ಯಾರೂ ಒಪ್ಪುವುದಿಲ್ಲ.

ಹೇಮಾವತಿ ದಡ
ಬಿಲ್ ಇದೆ. ಜಿಎಸ್‌ಟಿ ಬೇಡ ಅಂದರೆ ಕಮ್ಮಿ ಮಾಡುತ್ತೇವೆ ಅಂದಿದ್ದರು, ಬೇಡ ಅಂದೆ.

ಎಸ್.ಪಿ. ರೋಡ್ ಪ್ರೇಮಿ
ಹಳೆಯ ಸೆಟ್ ಎಸೆದಿಲ್ಲ ತಾನೇ? ನನಗೆ ಕೊಡಿ, ಕೊರಿಯರ್ ಖರ್ಚು ನಂದು. ಬೆಸುಗೆ ನೋಡಬೇಕು.

ಹೇಮಾವತಿ ದಡ
ಅಟ್ಟದ ಮೇಲಿದೆ. ಮೆಸೇಜ್ ಮಾಡಿ, ಕಳಿಸುತ್ತೇನೆ. ಸರಿ ಮಾಡಿದರೆ ನಿಮ್ಮದೇ.

ಮಂಡ್ಯದ ಮಾವ
ಎಲ್ಲ ಓದಿದೆ. ನಂದು ಬೇರೆ ತೊಂದರೆ. ಹೊಸ ಸೆಟ್, ಗಾಡಿ ಆಫ್ ಮಾಡಿ ಆನ್ ಮಾಡಿದರೆ ಸ್ಟೇಷನ್ ಎಲ್ಲ ಅಳಿಸಿ ಹೋಗುತ್ತದೆ, ಗಡಿಯಾರ 12ಕ್ಕೆ ಬರುತ್ತದೆ. ಸೆಟ್ ಡಮ್ಮಿನಾ?

ಹನ್ನೆರಡು ವೋಲ್ಟ್
ಡಮ್ಮಿ ಅಲ್ಲ ಮಾವ. ಹಳದಿ, ಕೆಂಪು ಅದಲು ಬದಲು ಆಗಿದೆ. ಕೆಲವು ಗಾಡಿಗಳ ಕಪ್ಲರ್‌ನಲ್ಲಿ ಅವೆರಡರ ಜಾಗ ಉಲ್ಟಾ ಇರುತ್ತದೆ, ಅದಕ್ಕೇ ಕಪ್ಲರ್ ವೈರಿನ ಮಧ್ಯೆ ಎರಡು ಪುಟ್ಟ ಬುಲೆಟ್ ಜಾಯಿಂಟ್ ಕೊಟ್ಟಿರುತ್ತಾರೆ. ಎಳೆದು, ಅಡ್ಡ ಮಾಡಿ ಚುಚ್ಚಿ. ಅದಕ್ಕೂ ಮೊದಲು ಕೀ ತೆಗೆದು ನೋಡಿ, ಹಳದಿಯಲ್ಲಿ 12 ಇದೆಯಾ ಇಲ್ಲವಾ.

ಮಂಡ್ಯದ ಮಾವ
ಕೀ ತೆಗೆದರೆ ಹಳದಿಯಲ್ಲಿ ಸೊನ್ನೆ. ಕೆಂಪಿನಲ್ಲಿ 12.6.

ಹನ್ನೆರಡು ವೋಲ್ಟ್
ಅಷ್ಟೇ. ಬದಲಾಯಿಸಿ.